ಪಿಕ್ಚರ್ ಹೇಗಿತ್ತು?

ಸಿನಿಮಾ ಬಗ್ಗೆ ಬರೆಯಲು ನಮಗೆ ಯಾವ ಅರ್ಹತೆಯೂ ಇಲ್ಲ. ಕ್ಯಾಮೆರಾ ಎಲ್ಲಿಟ್ಟರು, ಬೆಳಕು ಎಲ್ಲಿಂದ ಬಿಟ್ಟರು ಎಂಬುದು ನಮಗೆ ತಿಳಿಯುವುದಿಲ್ಲ. ವರ್ಷಕ್ಕೆ ಐದಾರು ಚಿತ್ರ ನೋಡುತ್ತೇವೆ, ಹೊರಗೆ ಬಂದು ಚಹಾ ಕುಡಿಯುತ್ತೇವೆ, ಚಹಾ ಮುಗಿಯುವುದರೊಳಗೆ ನಮ್ಮ ಅಭಿಪ್ರಾಯವೂ ಮುಗಿದಿರುತ್ತದೆ. 'ಭಾರಿ ಇತ್ತು', 'ನಡೀತದ', 'ರೊಕ್ಕ ಹೋತು'. ಈ ಮೂರು ಮಾತುಗಳಲ್ಲಿ ನಮ್ಮ ಕಡೆಯ ಚಿತ್ರವಿಮರ್ಶೆ ಪೂರ್ತಿಯಾಗುತ್ತದೆ. ಇಷ್ಟು ಹಗುರವಾದ ಮಾತಿಗೆ ಸತ್ಯ-ಸುಳ್ಳಿನ ಪ್ರಶ್ನೆ ಏಕೆ ಎಂದು ಓದುಗರು ಕೇಳಬಹುದು. ನಾವೂ ಹಾಗೆಯೇ ಅಂದುಕೊಂಡಿದ್ದೆವು. ಆದರೆ 2025ರಲ್ಲಿ ಎರಡು ಚಿತ್ರಗಳ ಬಗ್ಗೆ ನಾವು ಎರಡು ಸುಳ್ಳು ಹೇಳಿದೆವು. ಒಂದನ್ನು ಚಿತ್ರ ನೋಡಿದ ಮೇಲೆ, ಇನ್ನೊಂದನ್ನು ನೋಡುವ ಮೊದಲೇ.

ನಮ್ಮ ಕಡೆ ಅಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಈ ಐದು ತಾಲ್ಲೂಕುಗಳ ಪ್ರೇಕ್ಷಕನಿಗೆ ಭಾಷೆಯ ಹಂಗು ಕಡಿಮೆ. ನಿಪ್ಪಾಣಿಯಿಂದ ಕೊಲ್ಹಾಪುರ ಸುಮಾರು 40 ಕಿ.ಮೀ. ಕಾಗವಾಡದವರಿಗೆ ಮಿರಜ ಪಕ್ಕದ ಮನೆಯಿದ್ದಂತೆ. ರಾಯಬಾಗ, ಕುಡಚಿಯವರು ರೈಲು ಹತ್ತಿದರೆ ಇಳಿಯುವುದು ಅಲ್ಲಿಯೇ. ರಾಜಕುಮಾರ್, ದಾದಾ ಕೋಂಡ್ಕೆ, ಅಮಿತಾಭ್ ಮೂವರನ್ನೂ ಒಂದೇ ವಾರದಲ್ಲಿ ನೋಡಿ, ಮೂವರ ಮಾತನ್ನೂ ಒಂದೇ ಬಾಯಲ್ಲಿ ಆಡುತ್ತಿದ್ದ ಜನ ನಾವು. ಗಡಿ ಗಲಾಟೆ ಎದ್ದಾಗ ಆಚೆ ಕನ್ನಡ ಚಿತ್ರ ನಿಲ್ಲುತ್ತದೆ, ಈಚೆ ಮರಾಠಿ ಚಿತ್ರ ನಿಲ್ಲುತ್ತದೆ. 2019ರ ಡಿಸೆಂಬರಿನಲ್ಲಿ ಕೊಲ್ಹಾಪುರದಲ್ಲಿ 'ಅವನೇ ಶ್ರೀಮನ್ನಾರಾಯಣ' ನಿಂತದ್ದು ಹಾಗೆ. ಗಲಾಟೆ ತಣ್ಣಗಾದ ಮೇಲೆ ಮತ್ತೆ ಎಲ್ಲರೂ ಟಿಕೆಟಿನ ಸಾಲಿನಲ್ಲಿ ಇರುತ್ತೇವೆ.

ಸಿನಿಮಾ ಬಗ್ಗೆ ಮಾತಾಡುವುದನ್ನು ನಮಗೆ ಕಲಿಸಿದವಳು ನಿಪ್ಪಾಣಿಯ ನಮ್ಮ ಖಾಲಾ, ತಾಯಿಯ ಅಕ್ಕ. ಬೀಡಿ ಕಟ್ಟುತ್ತಿದ್ದಳು. ತೊಡೆಯ ಮೇಲೆ ಮೊರ, ಮೊರದಲ್ಲಿ ತಂಬಾಕು, ಕೈಯಲ್ಲಿ ಕತ್ತರಿಸಿದ ಎಲೆ, ಸುತ್ತಲೂ ಓಣಿಯ ಏಳೆಂಟು ಹೆಂಗಸರು. ಸಾವಿರ ಬೀಡಿ ಆಗುವುದರೊಳಗೆ ಒಂದು ಪಿಕ್ಚರಿನ ಕಥೆ ಮುಗಿಯಬೇಕು. ಖಾಲಾ ಹಾಡುಗಳನ್ನು ಬಿಟ್ಟು ಬಿಡುತ್ತಿದ್ದಳು, ಅಳುವ ಜಾಗದಲ್ಲಿ ನಿಲ್ಲುತ್ತಿದ್ದಳು, ಕೆಲವೊಮ್ಮೆ ಕೊನೆಯನ್ನೇ ಬದಲಾಯಿಸುತ್ತಿದ್ದಳು. ನಾವು ಕಥೆ ಬರೆಯಲು ಕಲಿತದ್ದು ಆ ಮೊರದ ಪಕ್ಕದಲ್ಲಿ ಎಂದರೆ ಹೆಚ್ಚಲ್ಲ. ಆಕೆಯದು ಒಂದೇ ನಿಯಮ. ನಡುವೆ ಯಾರಾದರೂ ಬಾಯಿ ಹಾಕಿ 'ಆ ಪಿಕ್ಚರ್ ಚಲೋ ಇಲ್ಲಂತ' ಅಂದರೆ ಕತ್ತರಿ ನಿಲ್ಲಿಸಿ ಕೇಳುತ್ತಿದ್ದಳು: "ತೂ ದೇಖೀ ಕ್ಯಾ?" ನೀನು ನೋಡಿದ್ದೀಯಾ? ಇಲ್ಲ ಎಂದರೆ ಅವಳ ಮಾತಿಗೆ ಅಲ್ಲಿ ಬೆಲೆಯಿರಲಿಲ್ಲ.

ಆಕೆ ಮತ್ತೆ ಮತ್ತೆ ಹೇಳುತ್ತಿದ್ದ ಕಥೆ 'ನಿಕಾಹ್'. ಬಿ.ಆರ್. ಚೋಪ್ರಾ ಅವರ 1982ರ ಚಿತ್ರ, ಸಲ್ಮಾ ಆಗಾ ನಾಯಕಿ. ತಲಾಖ್ ಕುರಿತ ಆ ಕಥೆಯನ್ನು ಖಾಲಾ ಯಾಕೆ ಅಷ್ಟು ಸಲ ಹೇಳುತ್ತಿದ್ದಳು ಎಂದು ಆಗ ನಮಗೆ ಹೊಳೆದಿರಲಿಲ್ಲ.

ಇನ್ನು ನಮ್ಮ ಮೊದಲ ಸುಳ್ಳಿಗೆ ಬರೋಣ.

ಉರ್ದು ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿ ಕನ್ನಡ ಹೈಸ್ಕೂಲಿಗೆ ಬಂದಾಗ ಪಕ್ಕದಲ್ಲಿ ಕೂತ ಹುಡುಗ ಇಂದಿಗೂ ನಮ್ಮ ಸಿನಿಮಾ ಜೊತೆಗಾರ. ಮರಾಠಾ ಮನೆತನದವನು. ನಮ್ಮ ಕನ್ನಡ ನೋಟ್ಸ್ ತಿದ್ದಿಕೊಟ್ಟವನು. 2016ರಲ್ಲಿ 'ಸೈರಾಟ್' ನೋಡಿದ್ದು ಅವನ ಜೊತೆಗೇ. ನಾಗರಾಜ ಮಂಜುಳೆ ಅವರ ಆ ಚಿತ್ರದ ಹಾಡಿಗೆ ಜನ ಖುರ್ಚಿ ಬಿಟ್ಟು ಎದ್ದು ಕುಣಿದರು. ಕೊನೆಯಲ್ಲಿ ಆ ಮಗುವಿನ ಹೆಜ್ಜೆ ಕಂಡಾಗ ಕೆಮ್ಮಿದ ಸದ್ದೂ ಇಲ್ಲ. ಹೊರಗೆ ಬಂದ ಮೇಲೆ ಎಲ್ಲರೂ ಹೇಳಿದ್ದು ಮಾತ್ರ ಒಂದೇ ಶಬ್ದ, 'ಭಾರಿ'. ಕುಣಿತಕ್ಕೂ ಅದೇ ಶಬ್ದ, ಕೊಲೆಗೂ ಅದೇ ಶಬ್ದ. ಮರುವರ್ಷ ಅದು ಕನ್ನಡದಲ್ಲಿ 'ಮನಸು ಮಲ್ಲಿಗೆ'ಯಾಗಿ ಬಂತು. ಆಗಲೂ ನಮ್ಮ ಓಣಿಯಲ್ಲಿ ಚರ್ಚೆಯಾದದ್ದು ಹಾಡು ಮರಾಠಿಯಲ್ಲಿ ಚಲೋ ಇತ್ತೋ ಕನ್ನಡದಲ್ಲೋ ಎಂದು. ಜಾತಿಯ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ನಾವೂ ಬಿಡಲಿಲ್ಲ.

2025ರ ಫೆಬ್ರವರಿ 14ಕ್ಕೆ 'ಛಾವಾ' ಬಂತು. ಶಿವಾಜಿ ಸಾವಂತರ ಮರಾಠಿ ಕಾದಂಬರಿ ಆಧರಿಸಿ ಲಕ್ಷ್ಮಣ್ ಉತೇಕರ್ ಮಾಡಿದ ಹಿಂದಿ ಚಿತ್ರ. ಸಂಭಾಜಿಯಾಗಿ ವಿಕ್ಕಿ ಕೌಶಲ್, ಔರಂಗಜೇಬನಾಗಿ ಅಕ್ಷಯ್ ಖನ್ನಾ. ಗೆಳೆಯ ಎಂದಿನಂತೆ ಫೋನ್ ಮಾಡಿದ, ಎಂದಿನಂತೆ ಹೊರಟೆವು. ಜೊತೆಗೆ ಅವನ ತಮ್ಮನ ಮಗ, ಕಾಲೇಜು ಹುಡುಗ.

ಕೊಲ್ಹಾಪುರದ ಆ ಚಿತ್ರಮಂದಿರ ತುಂಬಿತ್ತು. ಚಿತ್ರದ ಕೊನೆಯ ಭಾಗ ಸಂಭಾಜಿಯ ಚಿತ್ರಹಿಂಸೆ. ಅದು 1689ರ ಮಾತು, ಇತಿಹಾಸದಲ್ಲಿ ನಡೆದದ್ದೇ. ಮನುಷ್ಯನೊಬ್ಬನನ್ನು ಸರಪಳಿಯಲ್ಲಿ ಕಟ್ಟಿ ಹಿಂಸಿಸುವುದನ್ನು ನೋಡುತ್ತ ಯಾರಿಗೆ ಕಣ್ಣು ತುಂಬುವುದಿಲ್ಲ? ನಮಗೂ ತುಂಬಿತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಘೋಷಣೆ ಎದ್ದಿತು. ಕೆಲವರು ಕೈಮುಗಿದು ಎದ್ದು ನಿಂತರು, ಚಿಕ್ಕ ಹುಡುಗನೊಬ್ಬ ಕಿರುಚಿ ಅಳುತ್ತಿದ್ದ. ಆ ಗಳಿಗೆಯಲ್ಲಿ ನಮ್ಮ ಕಣ್ಣೀರು ನಮಗೇ ಸಂಶಯಾಸ್ಪದವಾಯಿತು. ಒರೆಸಿಕೊಂಡರೆ ಯಾರು ಏನೆಂದುಕೊಳ್ಳುತ್ತಾರೋ, ಒರೆಸಿಕೊಳ್ಳದಿದ್ದರೆ ಏನೆಂದುಕೊಳ್ಳುತ್ತಾರೋ. ಇಪ್ಪತ್ತು ವರ್ಷ ಕತ್ತಲಲ್ಲಿ ನಿಶ್ಚಿಂತೆಯಿಂದ ಅತ್ತವರು ಅಂದು ಅಳುವುದನ್ನು ಲೆಕ್ಕ ಹಾಕಿದೆವು.

ವಾಪಸು ಬರುವಾಗ ಹೆದ್ದಾರಿಯ ಬದಿ ಚಹಾಕ್ಕೆ ನಿಂತೆವು. ಹುಡುಗ ಕೇಳಿದ, "ಕಾಕಾ, ಪಿಕ್ಚರ್ ಹ್ಯಾಂಗಿತ್ತ್ರಿ?"

"ಭಾರಿ ಇತ್ತು" ಅಂದೆವು. ಅಗತ್ಯಕ್ಕಿಂತ ಸ್ವಲ್ಪ ಜೋರಾಗಿಯೇ.

ನಮಗೆ ನಿಜವಾಗಿ ಅನ್ನಿಸಿದ್ದು ಬೇರೆ. ಮೊದಲರ್ಧ ಯುದ್ಧದ ಮೇಲೆ ಯುದ್ಧ, ಬೇಸರ ತರಿಸಿತ್ತು. ಸದ್ದು ವಿಪರೀತ. ಯೇಸೂಬಾಯಿಗೆ ಮಾಡಲು ಹೆಚ್ಚಿನ ಕೆಲಸವಿರಲಿಲ್ಲ. ಸಂಭಾಜಿ ಲೇಜಿಮ್ ಹಿಡಿದು ಕುಣಿಯುವ ದೃಶ್ಯವಿತ್ತಂತೆ, ಟ್ರೇಲರ್ ಬಂದಾಗ ಆಕ್ಷೇಪ ಬಂದು ಅದನ್ನು ತೆಗೆದುಹಾಕಿದರು. ಶಾಲೆಯಲ್ಲಿ ಲೇಜಿಮ್ ಆಡಿ ಬೆಳೆದ ನಮಗೆ ರಾಜನೊಬ್ಬ ಲೇಜಿಮ್ ಆಡುವುದನ್ನು ನೋಡುವ ಆಸೆಯಿತ್ತು. ಮತ್ತೆ, ಚಿತ್ರದಲ್ಲಿ ಎಲ್ಲರಿಗಿಂತ ಚೆನ್ನಾಗಿ ನಟಿಸಿದವನು ಅಕ್ಷಯ್ ಖನ್ನಾ.

ಈ ಕೊನೆಯ ಮಾತನ್ನು ಗೆಳೆಯನೇ ಹೇಳಿದ. "ಖನ್ನಾಂದು ಒಂದ್ ನಂಬರ್ ಕೆಲಸ" ಎಂದು ಬಸಿ ಕೆಳಗಿಟ್ಟ. ನಾವು ತಲೆಯಾಡಿಸಿದೆವು, ಬಾಯಿ ತೆರೆಯಲಿಲ್ಲ. ಗಬ್ಬರ್ ಸಿಂಗನನ್ನು, ಮೊಗ್ಯಾಂಬೋನನ್ನು ಹೊಗಳಿ ಬೆಳೆದ ಪೀಳಿಗೆ ನಮ್ಮದು, ಖಳನನ್ನು ಹೊಗಳುವುದು ನಮಗೆ ಹೊಸದಲ್ಲ. ಆದರೆ ಆ ಮಾತು ಅವನ ಬಾಯಲ್ಲಿ ಬಂದರೆ ನಟನೆಯ ಮೇಲಿನ ಅಭಿಪ್ರಾಯ, ನಮ್ಮ ಬಾಯಲ್ಲಿ ಬಂದರೆ ತಪ್ಪೊಪ್ಪಿಗೆ. ಶಿರ್ಕೆ ಮನೆತನದವರು ತಮ್ಮ ಹಿರಿಯರನ್ನು ದ್ರೋಹಿಗಳಂತೆ ತೋರಿಸಿದ್ದಾರೆಂದು ಬಹಿರಂಗವಾಗಿ ಸಿಟ್ಟಾದರು, ನಿರ್ದೇಶಕರು ಅವರ ಕ್ಷಮೆ ಕೇಳಿದರು. ನಮಗೆ ಮೊದಲರ್ಧ ಉದ್ದವಾಯಿತು ಎನ್ನುವಷ್ಟು ಧೈರ್ಯವೂ ಬರಲಿಲ್ಲ. ನಮ್ಮ ಕಡೆಯನ್ನು ಆಳುತ್ತಿದ್ದ ಬಿಜಾಪುರದ ಆದಿಲ್‌ಶಾಹಿಯನ್ನು 1686ರಲ್ಲಿ ಮುಳುಗಿಸಿದವನೂ ಇದೇ ಔರಂಗಜೇಬ್ ಎಂದು ಹೇಳಬಹುದಿತ್ತು. ಚಹಾದಂಗಡಿಯಲ್ಲಿ ಅಷ್ಟು ಹಿಂದಿನಿಂದ ಶುರು ಮಾಡಲು ಆಗುತ್ತದೆಯೇ?

ಹೆದರಿಕೆ ಕಲ್ಪನೆಯದಲ್ಲ. 2023ರ ಜೂನಿನಲ್ಲಿ ಮೊಬೈಲ್ ಸ್ಟೇಟಸ್ ವಿಷಯಕ್ಕೆ ಕೊಲ್ಹಾಪುರ ಹೊತ್ತಿದ್ದನ್ನು ನಾವು ಕಂಡಿದ್ದೆವು. 'ಛಾವಾ' ಬಂದ ಮರುತಿಂಗಳು, ಮಾರ್ಚ್ 17ರಂದು, ಖುಲ್ತಾಬಾದಿನ ಔರಂಗಜೇಬನ ಗೋರಿಯ ವಿವಾದದಲ್ಲಿ ನಾಗಪುರದಲ್ಲಿ ಗಲಭೆಯಾಗಿ ಕರ್ಫ್ಯೂ ಬಿತ್ತು. ಆ ಚಿತ್ರ ಜನರ ಭಾವನೆಗಳನ್ನು ಕೆರಳಿಸಿದೆ ಎಂದು ಮಹಾರಾಷ್ಟ್ರದ ಮುಖ್ಯಮಂತ್ರಿಗಳೇ ವಿಧಾನಸಭೆಯಲ್ಲಿ ಹೇಳಿದರು. ಹೀಗಿರುವಾಗ ಆ ಒಂದು 'ಭಾರಿ'ಯನ್ನು ನಾವು ನಮಗೆ ಅರ್ಧ ಮಾಫಿ ಮಾಡಿಕೊಂಡಿದ್ದೇವೆ. ಪ್ರಶ್ನೆ ಕೇಳುವವನ ಮೇಲೂ ಒಂದು ಹೊರೆಯಿದೆ. ಎದುರಿನವನು ಏನು ಹೇಳಿದರೂ ಚಹಾ ಅರ್ಧಕ್ಕೆ ನಿಲ್ಲುವುದಿಲ್ಲ ಎಂಬ ನಂಬಿಕೆಯನ್ನು ಕೇಳುವವನೇ ಕೊಡಬೇಕು. ಆ ಹುಡುಗನಿಗೆ ಇದು ಗೊತ್ತಿರಲಿಲ್ಲ, ಅವನದು ಕೇವಲ ಸಿನಿಮಾ ಪ್ರಶ್ನೆ ಇದ್ದಿರಲೂಬಹುದು.

ಎರಡನೆಯ ಸುಳ್ಳಿಗೆ ಮಾತ್ರ ಇಂಥ ಮಾಫಿ ಇಲ್ಲ.

ಅದೇ ವರ್ಷ ನವೆಂಬರ್ 7ಕ್ಕೆ 'ಹಕ್' ಬಿಡುಗಡೆಯಾಯಿತು. ಶಾಹಬಾನು ಪ್ರಕರಣದಿಂದ ಹುಟ್ಟಿದ ಕಥೆ, ಯಾಮಿ ಗೌತಮ್, ಇಮ್ರಾನ್ ಹಾಶ್ಮಿ ನಟರು. ತಡೆ ಕೋರಿ ಶಾಹಬಾನು ಅವರ ಮಗಳು ಇಂದೋರಿನ ಹೈಕೋರ್ಟ್ ಪೀಠಕ್ಕೆ ಹೋದರೂ ಅರ್ಜಿ ವಜಾ ಆಯಿತು. ಶುಕ್ರವಾರ ನಮಾಜು ಮುಗಿಸಿ ಹೊಟೇಲಿನಲ್ಲಿ ಕೂತಾಗ ನಾಲ್ಕಾರು ಹುಡುಗರು ಕೇಳಿದರು, "ನೀವು ಬರೆಯೋರು, ಈ ಪಿಕ್ಚರ್ ಬಗ್ಗೆ ಏನಂತೀರಿ?" ನಾವು ಗಂಟಲು ಸರಿಮಾಡಿಕೊಂಡು, ಇದೆಲ್ಲ ನಮ್ಮವರನ್ನು ಕೀಳಾಗಿ ತೋರಿಸುವ ಆಟ, ನೋಡುವ ಅಗತ್ಯವಿಲ್ಲ ಎಂದೆವು. ಹುಡುಗರು ತಲೆದೂಗಿದರು. ಚಹಾದ ಬಿಲ್ಲನ್ನೂ ಅವರೇ ಕೊಟ್ಟರು.

ಕೆಲವು ವಾರಗಳ ಬಳಿಕ ಅದು ಮನೆಯ ಟಿವಿಗೇ ಬಂತು. ನಮ್ಮ ಶ್ರೀಮತಿ ಮತ್ತು ಮಗಳು ನೋಡುತ್ತಿದ್ದರು. ನಾವು ಹಿಂದಿನ ಖುರ್ಚಿಯಲ್ಲಿ ಪೇಪರ್ ಹಿಡಿದು ಕೂತವರು, ಅರ್ಧ ಗಂಟೆಯ ಮೇಲೆ ಪೇಪರ್ ಮಡಚಿದೆವು. ಮುಗಿದ ಮೇಲೆ ಶ್ರೀಮತಿ ಕೇಳಿದ್ದೂ ಅದೇ ಪ್ರಶ್ನೆ. ನಾವು ಶುರು ಮಾಡಿದೆವು: ನಿಜವಾದ ಶಾಹಬಾನು ಅವರ ಮದುವೆ 1932ರಲ್ಲಿ ಆದದ್ದು, ತಲಾಖ್ ಸಿಕ್ಕಾಗ ಅವರಿಗೆ 62 ವರ್ಷ, ಸುಪ್ರೀಂ ಕೋರ್ಟಿನ ತೀರ್ಪು 1985ರ ಏಪ್ರಿಲ್ 23, ಹೈಕೋರ್ಟ್ ತಿಂಗಳಿಗೆ ಗೊತ್ತುಮಾಡಿದ್ದ 179 ರೂಪಾಯಿ 20 ಪೈಸೆಯನ್ನು ಅದು ಎತ್ತಿಹಿಡಿಯಿತು, ಮರುವರ್ಷ ಸರ್ಕಾರ ಹೊಸ ಕಾಯ್ದೆ ತಂದಿತು, ಆಮೇಲಿನ ರಾಜಕೀಯ...

"ನಾ ಕೇಳಿದ್ದು ಪಿಕ್ಚರ್ ಬಗ್ಗೆ" ಎಂದಳು ಶ್ರೀಮತಿ.

ಮಗಳು ಮೆಲ್ಲಗೆ ಕೇಳಿದಳು, "ಅಬ್ಬಾ, ಹೊಟೇಲಿನಲ್ಲಿ ಹೇಳಿದಾಗ ನೀವು ಇದನ್ನು ನೋಡಿದ್ದಿರಾ?"

ತೂ ದೇಖೀ ಕ್ಯಾ. ಖಾಲಾ ಎದ್ದು ಬಂದು ಕತ್ತರಿ ನಿಲ್ಲಿಸಿ ಕೇಳಿದಂತಾಯಿತು. ಗಂಡ ಬಿಟ್ಟುಹೋದ ಮೇಲೆ ಆಕೆ ಮೂವರು ಮಕ್ಕಳನ್ನು ಬೀಡಿ ಕಟ್ಟಿಯೇ ಸಾಕಿದಳು. ಆಕೆಗೆ ಯಾರೂ 179 ರೂಪಾಯಿ ಕೊಡಿಸಲಿಲ್ಲ. ಹಿರಿಯರು ಕೂತು ಮಾತಾಡಿ, ಸಬರ್ ಮಾಡು ಎಂದು ಹೇಳಿ, ಊಟ ಮಾಡಿ ಎದ್ದುಹೋದರು. ಈ ಕಥೆಯನ್ನು ಹೇಳಲು ಹಿಂದಿಯವರೇ ಬರಬೇಕಿರಲಿಲ್ಲ. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕನ್ನಡದಲ್ಲೇ ಇತ್ತು, ಅದನ್ನು ಗಿರೀಶ್ ಕಾಸರವಳ್ಳಿ 2004ರಲ್ಲಿ 'ಹಸೀನಾ' ಮಾಡಿದರು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. 2025ರಲ್ಲಿ ಆ ಕಥೆಯೂ ಇರುವ ಇಂಗ್ಲಿಷ್ ಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವು ಪೇಢೆ ಹಂಚಿದೆವು. 2000ದಲ್ಲಿ ಅದೇ ಲೇಖಕಿಗೆ ಬಹಿಷ್ಕಾರ ಹಾಕಿದಾಗ ಮಾತ್ರ ನಾವು ಏನೂ ಬರೆದಿರಲಿಲ್ಲ.

'ಹಕ್' ಬಗ್ಗೆ ನಮ್ಮ ತಕರಾರು ಈಗಲೂ ಇದೆ. ಅದು ಯಾಕೆ ಈ ಕಾಲದಲ್ಲಿ ಬಂತು, ಆ ಹೆಣ್ಣಿಗಾಗಿ ಮರುಗುವವರಲ್ಲಿ ಎಷ್ಟು ಜನ ಆಕೆಗೆ ಬಾಡಿಗೆ ಮನೆ ಕೊಟ್ಟಾರು ಎಂದು ಕೇಳುವುದು ತಪ್ಪಲ್ಲ. ಆದರೆ ಅದು ನೋಡಿದವನು ಕೇಳಬೇಕಾದ ಪ್ರಶ್ನೆ. ಉರ್ದುವಿನಲ್ಲಿ ಗವಾಹಿ ಎನ್ನುತ್ತೇವೆ. ತನ್ನವರಿಗೆ ವಿರುದ್ಧವಾದರೂ ಕಂಡದ್ದನ್ನೇ ಹೇಳಬೇಕು ಎಂದು ಚಿಕ್ಕಂದಿನಲ್ಲೇ ಕಲಿಸಿದ್ದರು. ಅದು ಕೋರ್ಟಿಗೆ, ಹೊಲದ ಬದುವಿನ ಜಗಳಕ್ಕೆ ಎಂದುಕೊಂಡಿದ್ದೆವು. ಕೊಲ್ಹಾಪುರದ ದಾರಿಯಲ್ಲಿ ನಾವು ಹೆದರಿದವರು. ಹೊಟೇಲಿನಲ್ಲಿ ಹಾಗಲ್ಲ, ಅಲ್ಲಿ ಹುಡುಗರು ನಮ್ಮ ಮಾತನ್ನು ನಂಬಿ ಎದ್ದುಹೋದರು. ಆ ಹುಡುಗರ ಮನೆಗಳಲ್ಲೂ ಖಾಲಾಗಳು ಇದ್ದಾರೆ.

ಮುಂದಿನ ಶುಕ್ರವಾರ ಹುಡುಗರಿಗೆ ಹೇಳಿದೆವು, ಅಂದು ನೋಡದೆ ಮಾತಾಡಿದ್ದೆವು, ಚಿತ್ರ ಅಷ್ಟೇನೂ ಕೆಟ್ಟದ್ದಲ್ಲ ಎಂದು. ಒಬ್ಬ ನಕ್ಕ, ಇಬ್ಬರು ಮೊಬೈಲ್ ನೋಡಿಕೊಂಡರು. ಆ ದಿನ ಬಿಲ್ಲನ್ನು ನಾವೇ ಕೊಟ್ಟೆವು.

ಗೆಳೆಯನಿಗೂ ಹೇಳಿದೆವು. "ಖರೇ ಅಂದ್ರ, 'ಛಾವಾ' ನಮಗ ಅಷ್ಟ್ ಸೇರಲಿಲ್ಲ ದೋಸ್ತ." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಅದನ್ನ ಅವತ್ತ ಹೇಳಬೇಕಿತ್ತಲ್ಲ. ಇಂಟರ್‌ವಲ್ ಮುಂಚೆ ನಾನೂ ಹತ್ತ ಮಿನಿಟ್ ನಿದ್ದಿ ಹೊಡದೇನಿ" ಎಂದ. ಮತ್ತೆ ಸ್ವಲ್ಪ ತಡೆದು, "ಆದ್ರ ಕಡೀಕ ನೀ ಅಳಾಕತ್ತಿದ್ದಿ. ನಾ ನೋಡೇನಿ" ಎಂದ.

ಅವನ ತಮ್ಮನ ಮಗನಿಗೆ ಮಾತ್ರ ನಾವಿನ್ನೂ ಹೇಳಿಲ್ಲ. ಅವನ ಲೆಕ್ಕದಲ್ಲಿ ಕಾಕಾಗೆ ಆ ಪಿಕ್ಚರ್ ಭಾರಿ ಸೇರಿದೆ.