ವಂಶಾವಳಿ ಯಾರಿಗೆ ಬೇಕು?

ಮಹಾರಾಷ್ಟ್ರದ ಲಾತೂರ ಜಿಲ್ಲೆಯ ದೇವಣಿಯಲ್ಲಿ ದನದ ಕುಲ ಕೇಳುವುದು ಹೊಸದಲ್ಲ. ಮೈಯೆಲ್ಲ ಬಿಳಿಯಾಗಿದ್ದರೆ ಬಾಳಂಕ್ಯಾ, ಬಿಳಿ ಮೈಗೆ ಮುಖದ ಎರಡೂ ಮಗ್ಗುಲು ಕಪ್ಪಿದ್ದರೆ ವಾನ್ನೇರಾ, ಮೈಮೇಲೆ ಅಲ್ಲಲ್ಲಿ ಕಪ್ಪು ಮಚ್ಚೆಯಿದ್ದರೆ ಶೆವೇರಾ. ಊರಿನ ಹೆಸರನ್ನೇ ಹೊತ್ತ ಈ ತಳಿಯ ಹೋರಿ ಕೊಳ್ಳುವಾಗ ತಾಯಿ ಎಷ್ಟು ಹಾಲು ಕೊಡುತ್ತಿತ್ತೆಂದು ವಿಚಾರಿಸದೆ ಜಾಣ ರೈತ ಗಂಟು ಬಿಚ್ಚುವುದಿಲ್ಲ. ಮನುಷ್ಯನಿಗೂ ಹೀಗೆ ಕುಲ ಕೇಳಬೇಕೇ? ಆ ತಕರಾರು ಇಲ್ಲಿಗೆ ದೂರವೇನಲ್ಲದ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲೇ ಎದ್ದಿತ್ತು.

ಈಗ ಕುಲದ ಹುಡುಕಾಟ ಮೊಬೈಲಿಗೂ ಬಂದಿದೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ 2011ರಲ್ಲಿ ಶುರುವಾದ ರೂಟ್ಸ್‌ಟೆಕ್ ವಂಶಾವಳಿ ಸಮ್ಮೇಳನ ಕೋವಿಡ್ ದೆಸೆಯಿಂದ 2021ರಲ್ಲಿ ಪೂರ್ತಿ ಆನ್‌ಲೈನ್ ಆಯಿತು. ಶುಲ್ಕವಿಲ್ಲದ ಆ ಸಮ್ಮೇಳನಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಹೆಸರು ಕೊಟ್ಟರು. ಹಳೆಯ ದಸ್ತಾವೇಜು ಓದುವುದು, ಡಿಎನ್‌ಎ ಪರೀಕ್ಷೆಯ ಫಲಿತಾಂಶ ಅರ್ಥಮಾಡಿಕೊಳ್ಳುವುದು, ಹಿರಿಯರನ್ನು ಮಾತಿಗೆಳೆಯುವುದು ಇಂಥ ಪಾಠಗಳೇ ಜನರಿಗೆ ಅಚ್ಚುಮೆಚ್ಚು.

ಸಮ್ಮೇಳನದ ಬೆನ್ನಿಗಿರುವುದು ಒಂದು ಧರ್ಮಶ್ರದ್ಧೆ. ಇದನ್ನು ನಡೆಸುವ ಫ್ಯಾಮಿಲಿಸರ್ಚ್ ಮಾರ್ಮನ್ ಚರ್ಚಿನದು. ಅದರ ಬೇರು 1894ರಲ್ಲಿ ಹುಟ್ಟಿದ ಯೂಟಾದ ವಂಶಾವಳಿ ಸಂಘದಲ್ಲಿದೆ. ಸತ್ತ ಪೂರ್ವಜರ ಪರವಾಗಿ ಬದುಕಿರುವವರು ದೀಕ್ಷಾಸ್ನಾನ ಪಡೆಯಬಹುದು, ಒಪ್ಪುವುದು ಬಿಡುವುದು ಆ ಆತ್ಮಕ್ಕೆ ಸೇರಿದ್ದು ಎಂಬುದು ಅವರ ನಂಬಿಕೆ. ಅದಕ್ಕೆ ಹೆಸರು ಬೇಕು, ಹೆಸರಿಗೆ ದಾಖಲೆ ಬೇಕು. ನಾಜಿ ಹತ್ಯಾಕಾಂಡದಲ್ಲಿ ಮಡಿದ ಯಹೂದಿಯರಿಗೂ ಹೀಗೆ ದೀಕ್ಷೆ ಕೊಟ್ಟದ್ದು ದೊಡ್ಡ ರಗಳೆಯಾಗಿ, 1995ರಲ್ಲಿ ಚರ್ಚು ಅದನ್ನು ನಿಲ್ಲಿಸಲು ಒಪ್ಪಿತು. ಸತ್ತವರ ಹೆಸರಿನ ಮೇಲೆ ಯಾರಿಗೆ ಹಕ್ಕಿದೆ ಎಂಬ ಪ್ರಶ್ನೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ.

ಇದೇ ಸಂಸ್ಥೆ ಹರಿದ್ವಾರದ ಪಂಡಾಗಳ ವಂಶಾವಳಿ ವಹಿಗಳನ್ನು ಚಿತ್ರೀಕರಿಸಿದೆ, ಕರ್ನಾಟಕದ ಹೆಳವರ ಹೊತ್ತಿಗೆಗಳತ್ತಲೂ ಬಂದಿದೆ. ಸಿಂಗರಿಸಿದ ಎತ್ತಿನೊಂದಿಗೆ ಸುಗ್ಗಿಯ ಹೊತ್ತಿಗೆ ಬಾಗಿಲಿಗೆ ಬರುವ ಹೆಳವ ಅಂಗಳದಲ್ಲಿ ನಿಂತು ಮನೆತನದ ಮೂಲ ಊರು, ಬೆಡಗು, ಒಡೆದ ಕವಲುಗಳನ್ನೆಲ್ಲ ತಡವರಿಸದೆ ಹೇಳುತ್ತಾನೆ. ಹುಟ್ಟಿದ ಕೂಸಿನ ಹೆಸರು ಕೇಳಿ ಸೇರಿಸಿಕೊಳ್ಳುತ್ತಾನೆ, ಕಾಳುಕಡಿ ಪಡೆದು ಮುಂದಿನ ಊರಿಗೆ ಸಾಗುತ್ತಾನೆ. ಮಹಾರಾಷ್ಟ್ರದ ಅಲೆಮಾರಿ ಸಮುದಾಯಗಳ ಪಟ್ಟಿಯಲ್ಲೂ ಹೆಳವರ ಹೆಸರಿದೆ.

ಲಿಂಗಾಯತ ಮನೆಗಳು ಹೆಳವನಿಂದ ಹೀಗೆ ಬೆಡಗು ಕೇಳಿಕೊಂಡು ಕೂರುವುದರಲ್ಲಿ ಒಂದು ತೊಡಕಿದೆ. ಲಿಂಗದೀಕ್ಷೆಯಾದವನಿಗೆ ಹಿಂದಿನ ಹುಟ್ಟು ಲೆಕ್ಕಕ್ಕಿಲ್ಲ ಎನ್ನುತ್ತದೆ ಶರಣರ ತತ್ತ್ವ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾದಾಗ ಕಲ್ಯಾಣವೇ ಹೊತ್ತಿ ಉರಿಯಿತೆಂದು ಪರಂಪರೆ ನೆನೆಯುತ್ತದೆ. ಸಮಗಾರನ ಮನೆಗೂ ಬ್ರಾಹ್ಮಣನ ಮನೆಗೂ ನಂಟು ಬೆಸೆದದ್ದೇ ಆ ಮದುವೆಯ ಅಪರಾಧ. ಹಾಗಿದ್ದೂ ಅದೇ ಶರಣರು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ ಎಂದೇ ಉಳಿದರು. ಎಲ್ಲಿಂದ ಬಂದೆವೆಂಬುದನ್ನು ಅವರು ಮರೆಮಾಚಲಿಲ್ಲ, ಅದರಿಂದ ಬೆಲೆ ಕಟ್ಟುವುದನ್ನು ಒಪ್ಪಲಿಲ್ಲ, ಅಷ್ಟೆ. ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದ ಬಸವಣ್ಣನಂತೂ ಚೆನ್ನಯ್ಯ, ಕಕ್ಕಯ್ಯರನ್ನೇ ತನ್ನ ಹಿರಿಯರೆಂದು ಹೇಳಿಕೊಂಡ. ಪೂರ್ವಜರನ್ನು ತಾನೇ ಆರಿಸಿಕೊಂಡ ಮನುಷ್ಯನ ಬಗ್ಗೆ ಡಿಎನ್‌ಎ ಪಾಠ ಏನು ಹೇಳೀತು?

ಮರಾಠವಾಡದಲ್ಲಿ ವಂಶಾವಳಿ ಸದ್ಯಕ್ಕೆ ಸರ್ಕಾರಿ ವ್ಯವಹಾರ. ಮರಾಠಾ ಮೀಸಲಾತಿಯ ಹೋರಾಟದಿಂದ 2023ರಲ್ಲಿ ನ್ಯಾಯಮೂರ್ತಿ ಸಂದೀಪ ಶಿಂದೆ ಸಮಿತಿ ನಿಜಾಮರ ಕಾಲದ ಕಡತ ಜಾಲಾಡಿ, ಮೀಸಲಾತಿಯಿರುವ ಕುಣಬಿ ಜಾತಿಯ ನಮೂದು ಹುಡುಕಿತು. ಅಂಥ ನಮೂದಿನಲ್ಲಿ ಸಿಕ್ಕ ಮುತ್ತಜ್ಜನಿಗೂ ತನಗೂ ನಂಟು ತೋರಿಸಲು ಅರ್ಜಿದಾರನಿಗೆ ವಂಶಾವಳಿ ಬೇಕು. ಪೀಳಿಗೆಗಳ ಕಾಲ ಹಿಂದೆ ಉಳಿದವರಿಗೆ ನ್ಯಾಯ ಸಿಗಬೇಕಾದರೆ ಹುಟ್ಟನ್ನು ಕೇಳದೆ ವಿಧಿಯಿಲ್ಲ ಎಂಬ ವಾದದಲ್ಲಿ ಹುರುಳಿದೆ. ಜಾತಿ ಬೇಡವೆಂದ ಶರಣರ ವಾರಸುದಾರರೂ ಇದೇ ಸಾಲಿನಲ್ಲಿ ಜಾತಿ ಪತ್ರಕ್ಕಾಗಿ ನಿಲ್ಲಬೇಕಾಗಿರುವುದು ಮಾತ್ರ ವಿಚಿತ್ರ.

ಗಡಿಯ ಈ ಬದಿಯ ಹುಡುಕಾಟಕ್ಕೆ ಇನ್ನೊಂದು ಗೋಜಲೂ ಉಂಟು. ದೇವಣಿಯ ಸುತ್ತಲಿನ ಉದಗೀರ, ನಿಲಂಗಾ ತಾಲ್ಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಆಮೇಲೆ ಉಸ್ಮಾನಾಬಾದಿಗೆ ಸೇರಿದವು, 1982ರಲ್ಲಿ ಲಾತೂರ ಜಿಲ್ಲೆಯಾಯಿತು. ದೇವಣಿಯ ಮನೆತನವೊಂದು ಇದ್ದಲ್ಲೇ ಇದ್ದು ಮೂರು ರಾಜ್ಯ, ಮೂರು ಜಿಲ್ಲೆ ಕಂಡಿರಬಹುದು.

ಆದ್ದರಿಂದ ಸಮ್ಮೇಳನದ ಪಾಠಗಳಲ್ಲಿ ಇಲ್ಲಿಗೆ ಒಗ್ಗುವುದು ಹಿರಿಯರನ್ನು ಮಾತಿಗೆಳೆಯುವ ಪಾಠ, ಅದರಲ್ಲೂ ಅಜ್ಜಿಯರನ್ನು. ಹೆಳವನ ಹೊತ್ತಿಗೆ ಹಿಡಿಯುವುದು ಬಹುಪಾಲು ಗಂಡುಮಕ್ಕಳ ಕವಲನ್ನು. ಜಾತಿ ಪತ್ರವೂ ಕೇಳುವುದು ತಂದೆಯ ಕಡೆಯ ಆಧಾರವನ್ನು. ಭಾಲ್ಕಿಯಿಂದಲೋ ಔರಾದಿನಿಂದಲೋ ಬಂದ ಸೊಸೆಯ ತಾಯಿ, ಆಕೆಯ ತಾಯಿ, ಅವರ ತವರೂರು ಇವೆಲ್ಲ ಇರುವುದು ಅಜ್ಜಿಯ ಬಾಯಲ್ಲೇ. ಅದಕ್ಕೆ ಮೊಬೈಲಿನ ರೆಕಾರ್ಡರು ಸಾಕು. ಅಜ್ಜಿ ಒಮ್ಮೆ ಮರಾಠಿಗೆ, ಒಮ್ಮೆ ಕನ್ನಡಕ್ಕೆ ಹೊರಳುತ್ತಾಳೆ, ತಿದ್ದುವ ಉಸಾಬರಿ ಬೇಡ.