ನೋಡುವುದಕ್ಕೂ ಒಂದು ಪರಿಮಾಣ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಭೋಗೋಪಭೋಗ ಪರಿಮಾಣವೂ ಒಂದು. ಒಮ್ಮೆ ಅನುಭವಿಸಿ ಬಿಡತಕ್ಕ ವಸ್ತು ಭೋಗವೆಂದೂ, ಮತ್ತೆ ಮತ್ತೆ ಅನುಭವಿಸಲು ಬರುವ ವಸ್ತು ಉಪಭೋಗವೆಂದೂ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿವರಿಸಿದ್ದಾರೆ. ಮೊದಲನೆಯದಕ್ಕೆ ಊಟವೂ ಎರಡನೆಯದಕ್ಕೆ ಉಡುಗೆಯೂ ಉದಾಹರಣೆ. ಗೃಹಸ್ಥನು ಮಿತಿ ಹಾಕಿಕೊಳ್ಳಬೇಕಾದ ವಿಷಯಗಳನ್ನು ಎಣಿಸುವಾಗ ಆಚಾರ್ಯರು ಭೋಜನ, ವಾಹನ, ಶಯನ, ತಾಂಬೂಲ, ಭೂಷಣಗಳ ಜೊತೆಗೆ ಸಂಗೀತವನ್ನೂ ಗೀತವನ್ನೂ ಸೇರಿಸಿದ್ದಾರೆ. ಕಣ್ಣು ಕಿವಿಗಳ ಸುಖಕ್ಕೂ ಅಳತೆ ಬೇಕೆಂಬ ವಿಚಾರ ಟೆಲಿವಿಷನ್ ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಹಿಂದಿನದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಂದು ಅನೇಕ ಜೈನ ಮನೆಗಳಲ್ಲಿ ಎದ್ದಿರುವ ಒಂದು ಪ್ರಶ್ನೆಯನ್ನು ಈ ವ್ರತದ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತ. ಕೇಬಲ್ ಅಥವಾ ಡಿಶ್ ಸಂಪರ್ಕವನ್ನು ತೆಗೆಸಿ, ಅಂತರಜಾಲದ ಮೂಲಕ ಬೇಕಾದುದನ್ನು ಬೇಕಾದಾಗ ನೋಡುವ ಸ್ಟ್ರೀಮಿಂಗ್ ವ್ಯವಸ್ಥೆಗೆ ಬದಲಾಯಿಸಬೇಕೆ, ಬೇಡವೆ? ಕರಾವಳಿಯ ಒಂದು ಕೂಡುಕುಟುಂಬವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆ ಅದು. ಆದ್ದರಿಂದ ಊಟಕ್ಕೂ ನಿದ್ರೆಗೂ ನಡುವೆ ದೀರ್ಘವಾದ ಸಂಜೆಯೊಂದು ಉಳಿಯುತ್ತದೆ. ಹಿಂದೆ ಆ ಹೊತ್ತು ಸಾಮಾಯಿಕ, ಸ್ವಾಧ್ಯಾಯ ಮತ್ತು ಹಿರಿಯರ ಮಾತುಕತೆಗಳಿಗೆ ಸಲ್ಲುತ್ತಿತ್ತು; ಕಳೆದ ಮೂರು ದಶಕಗಳಿಂದ ಟಿ.ವಿ.ಗೆ ಸಲ್ಲುತ್ತಿದೆ. ಡಿಶ್ಶಿಗೆ ಕೊಡುವ ಹಣ ದಂಡವೆಂಬುದು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನ ವಾದ. ಮೊಮ್ಮಕ್ಕಳಂತೂ ಎಂದೋ ಮೊಬೈಲಿಗೆ ಹೋಗಿದ್ದಾರೆ. ತನ್ನ ಕೈಗೆ ಒಗ್ಗಿದ ರಿಮೋಟು, ತನಗೆ ತಿಳಿದ ಎರಡು ವಾಹಿನಿಗಳು ಇರಲಿ ಎನ್ನುತ್ತಾರೆ ಅಜ್ಜಿ. ಮನೆಯ ಯಜಮಾನರು ಇಬ್ಬರ ನಡುವೆ ಸಿಕ್ಕಿಕೊಂಡಿದ್ದಾರೆ.

ಈ ವಿವಾದಕ್ಕೆ ಒಂದು ಹಿನ್ನೆಲೆಯಿದೆ. ಭಾರತದಲ್ಲಿ ದೂರದರ್ಶನದ ಪ್ರಸಾರ 1959ರಲ್ಲಿ ದೆಹಲಿಯಲ್ಲಿ ಆರಂಭವಾಯಿತು. ಬೆಂಗಳೂರು ಕೇಂದ್ರ ಕೆಲಸ ಆರಂಭಿಸಿದ್ದು 1981ರಲ್ಲಿ. ಆ ಕಾಲದಲ್ಲಿ ಪ್ರಸಾರಕ್ಕೆ ಗೊತ್ತಾದ ವೇಳೆಯಿತ್ತು. ವೇಳೆ ಮುಗಿದ ಮೇಲೆ ನೋಡಬೇಕೆಂದರೂ ನೋಡಲು ಏನೂ ಇರುತ್ತಿರಲಿಲ್ಲ. 1991ರ ಕೊಲ್ಲಿ ಯುದ್ಧದ ಸುಮಾರಿಗೆ ಉಪಗ್ರಹ ವಾಹಿನಿಗಳು ಕೇಬಲ್ ತಂತಿಯ ಮೂಲಕ ಮನೆಗಳನ್ನು ಹೊಕ್ಕವು. 1994ರಲ್ಲಿ ಕನ್ನಡದ ಉದಯ ಟಿ.ವಿ. ಬಂದಿತು, 1995ರಲ್ಲಿ ಕೇಬಲ್ ಜಾಲಗಳ ನಿಯಂತ್ರಣಕ್ಕೆ ಕಾಯಿದೆಯಾಯಿತು, 2003ರಿಂದ ಡಿ.ಟಿ.ಎಚ್. ತಟ್ಟೆಗಳು ಮಾಳಿಗೆಯ ಮೇಲೆ ಕಾಣಿಸಿಕೊಂಡವು. 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್, ಡಿಸೆಂಬರಿನಲ್ಲಿ ಅಮೆಜಾನ್ ಪ್ರೈಮ್ ವಿಡಿಯೋ ಭಾರತಕ್ಕೆ ಬಂದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಿಯೋ ಆರಂಭವಾಗಿ ಡೇಟಾ ಅಗ್ಗವಾಯಿತು. ಹೀಗೆ ಮೊದಲು ವೇಳೆಯ ಮಿತಿ ಹೋಯಿತು, ಅನಂತರ ಸ್ಥಳದ ಮಿತಿ ಹೋಯಿತು, ಕೊನೆಗೆ ಕಾರ್ಯಕ್ರಮದ ಸರದಿಗಾಗಿ ಕಾಯುವ ಮಿತಿಯೂ ಹೋಯಿತು. ಹೊರಗಿನ ಮಿತಿಗಳು ಒಂದೊಂದಾಗಿ ಅಳಿದ ಮೇಲೆ ಉಳಿಯುವುದು ಮನುಷ್ಯ ತಾನಾಗಿ ಹಾಕಿಕೊಳ್ಳುವ ಮಿತಿ ಮಾತ್ರ. ವ್ರತವೆಂದರೆ ಅದೇ.

ಮೊದಲು ಹಣದ ಮಾತನ್ನು ಮುಗಿಸಬಹುದು. 2019ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಟ್ರಾಯ್ ನಿಯಮದ ಪ್ರಕಾರ ಮೊದಲ 100 ವಾಹಿನಿಗಳಿಗೆ ತಿಂಗಳಿಗೆ ಗರಿಷ್ಠ 130 ರೂಪಾಯಿಗಳ ಮೂಲ ಶುಲ್ಕವಿತ್ತು; ಶೇಕಡಾ 18ರ ತೆರಿಗೆ ಸೇರಿದರೆ ಸುಮಾರು 153 ರೂಪಾಯಿ. ಶುಲ್ಕದ ವಾಹಿನಿಗಳಿಗೆ ಪ್ರತ್ಯೇಕ ದರ. ಆ ಮಿತಿಗಳು ಅನಂತರ ಬದಲಾಗಿವೆ. ಇತ್ತ ನೆಟ್‌ಫ್ಲಿಕ್ಸ್ 2021ರ ಡಿಸೆಂಬರಿನಲ್ಲಿ ತನ್ನ ಮೊಬೈಲ್ ಯೋಜನೆಯ ದರವನ್ನು ತಿಂಗಳಿಗೆ 149 ರೂಪಾಯಿಗೆ ಇಳಿಸಿತು. ಮೇಲ್ನೋಟಕ್ಕೆ ಎರಡೂ ಸರಿಸಮ. ಆದರೆ ಮೊಬೈಲ್ ಯೋಜನೆಯನ್ನು ಮನೆಮಂದಿಯೆಲ್ಲ ಕುಳಿತು ನೋಡುವ ಟಿ.ವಿ.ಯಲ್ಲಿ ಬಳಸಲಾಗದು, ಬ್ರಾಡ್‌ಬ್ಯಾಂಡ್ ಬಾಡಿಗೆ ಬೇರೆ, ಒಂದು ವೇದಿಕೆಯಲ್ಲಿ ಇಲ್ಲದ ಚಿತ್ರಕ್ಕಾಗಿ ಮತ್ತೊಂದು, ಕ್ರಿಕೆಟ್ಟಿಗಾಗಿ ಇನ್ನೊಂದು ಸೇರುತ್ತದೆ. ಉಳಿತಾಯಕ್ಕೆಂದು ಆರಂಭವಾದದ್ದು ಪರಿಗ್ರಹವಾಗಿ ಬೆಳೆಯುವ ದಾರಿ ಹೀಗಿದೆ. ಲೆಕ್ಕ ಹಾಕಿ ನೋಡಿ ಅಗ್ಗವಾದುದನ್ನು ಆರಿಸುವುದು ವಿವೇಕವೇ ಸರಿ. ಆದರೆ ಅದರಿಂದ ಧರ್ಮದ ಪ್ರಶ್ನೆ ಬಗೆಹರಿಯುವುದಿಲ್ಲ.

ಧರ್ಮದ ಪ್ರಶ್ನೆ ಇರುವುದು ಕಾಲದ ವ್ಯಯದಲ್ಲಿ ಮತ್ತು ಭಾವದ ಪರಿಣಾಮದಲ್ಲಿ. ಈ ದೃಷ್ಟಿಯಿಂದ ಸ್ಟ್ರೀಮಿಂಗಿನ ಪರವಾಗಿ ಹೇಳಬೇಕಾದ ಎರಡು ಮಾತುಗಳಿವೆ. ಮೊದಲನೆಯದು ಸಾಮಾಯಿಕಕ್ಕೆ ಸಂಬಂಧಿಸಿದ್ದು. ಜನಪ್ರಿಯ ಧಾರಾವಾಹಿಗಳು ಪ್ರಸಾರವಾಗುವ ವೇಳೆಯೂ ಸಂಧ್ಯಾಕಾಲದ ಸಾಮಾಯಿಕದ ವೇಳೆಯೂ ಒಂದರ ಮೇಲೊಂದು ಬೀಳುತ್ತವೆ. ಕಥೆ ತಪ್ಪಿಹೋಗುವುದೆಂಬ ಆತಂಕದಲ್ಲಿ ಸಾಮಾಯಿಕವನ್ನು ಮುಂದೂಡಿದ, ಕೊನೆಗೆ ಬಿಟ್ಟೇಬಿಟ್ಟ ಮನೆಗಳು ಕಡಮೆಯಿಲ್ಲ. ಯಾವಾಗ ಬೇಕಾದರೂ ನೋಡಬಹುದಾದ ವ್ಯವಸ್ಥೆಯಲ್ಲಿ ಆ ನೆಪ ಇರುವುದಿಲ್ಲ. ಎರಡನೆಯದು ಜಾಹೀರಾತು. ಕೇಬಲ್ ನಿಯಮಗಳು ಒಂದು ಗಂಟೆಗೆ 12 ನಿಮಿಷಗಳವರೆಗೆ ಜಾಹೀರಾತಿಗೆ ಅವಕಾಶ ಕೊಡುತ್ತವೆ. ದಿನಕ್ಕೆ ನಾಲ್ಕು ಗಂಟೆ ಟಿ.ವಿ. ನೋಡುವ ಮನೆಯಲ್ಲಿ 48 ನಿಮಿಷಗಳು, ಅಂದರೆ ಒಂದು ಸಾಮಾಯಿಕಕ್ಕೆ ಸಲ್ಲಬೇಕಾದ ಎರಡು ಘಳಿಗೆಯ ಒಂದು ಮುಹೂರ್ತ, ಬೇಡದ ವಸ್ತುವನ್ನು ಬೇಕೆನ್ನಿಸುವ ಮಾತುಗಳಿಗೆ ಹೋಗಬಲ್ಲದು. ಜಾಹೀರಾತಿಲ್ಲದ ಯೋಜನೆಯಲ್ಲಿ ಈ ಹೊರೆ ತಪ್ಪುತ್ತದೆ. ಆದರೆ ಸ್ಟ್ರೀಮಿಂಗ್ ಎಂದರೆ ಜಾಹೀರಾತು ಇಲ್ಲವೆಂದು ಭಾವಿಸುವಂತಿಲ್ಲ. ಅಮೆಜಾನ್ ಪ್ರೈಮ್ ವಿಡಿಯೋ 2025ರ ಜೂನ್‌ನಲ್ಲಿ ಭಾರತದಲ್ಲಿಯೂ ಜಾಹೀರಾತುಗಳನ್ನು ಸೇರಿಸಿ, ಅವು ಬೇಡವಾದವರಿಗೆ ಹೆಚ್ಚಿನ ದರ ಗೊತ್ತುಮಾಡಿತು.

ಇನ್ನು ವಿರೋಧದ ಪಕ್ಷ. ಭೋಗೋಪಭೋಗ ಪರಿಮಾಣ ವ್ರತಕ್ಕೆ ಸಮಂತಭದ್ರಾಚಾರ್ಯರು ಐದು ಅತಿಚಾರಗಳನ್ನು ಹೇಳಿದ್ದಾರೆ. ವಿಷಯಗಳು ವಿಷವೆಂಬುದನ್ನು ಅರಿತೂ ಅವುಗಳಲ್ಲಿ ಆದರವಿಡುವುದು, ಅನುಭವಿಸಿದುದನ್ನೇ ಮರಳಿ ಮರಳಿ ನೆನೆಯುವುದು, ಅನುಭವಿಸುವಾಗ ಅತಿಯಾದ ಲೋಲುಪತೆ, ಮುಂದೆ ಬರಬೇಕಾದುದಕ್ಕಾಗಿ ಅತಿಯಾದ ತೃಷ್ಣೆ, ಮಿತಿಮೀರಿ ಅನುಭವದಲ್ಲಿ ಮುಳುಗುವುದು ಎಂಬಿವು ಐದು. ಸ್ಟ್ರೀಮಿಂಗ್ ವೇದಿಕೆಯ ರಚನೆಯನ್ನು ಇವುಗಳ ಪಕ್ಕದಲ್ಲಿಟ್ಟು ನೋಡಿದರೆ ಆಶ್ಚರ್ಯವಾಗುತ್ತದೆ. ನಿನ್ನೆ ನೋಡಿದುದನ್ನು ಆಧಾರವಾಗಿಟ್ಟು ಇಂದು ಅಂಥದನ್ನೇ ಮುಂದಿಡುವುದು ಅನುಸ್ಮೃತಿಗೆ ನೀರೆರೆದಂತೆ. ಒಂದು ಕಂತು ಮುಗಿದ ಕೆಲವೇ ಕ್ಷಣಗಳಲ್ಲಿ ಮುಂದಿನ ಕಂತು ತಾನಾಗಿ ಆರಂಭವಾಗುವ ಏರ್ಪಾಡು ಅತಿತೃಷ್ಣೆಗೆ ಬಾಗಿಲು ತೆರೆದಂತೆ. ಧಾರಾವಾಹಿ ಅರ್ಧಗಂಟೆಯ ವೇಳೆಯನ್ನು ಕೇಳುತ್ತಿತ್ತು, ಕೊಟ್ಟ ಮೇಲೆ ನಾಳೆ ಬಾ ಎನ್ನುತ್ತಿತ್ತು. ಸ್ಟ್ರೀಮಿಂಗ್ ಯಾವ ವೇಳೆಯನ್ನೂ ಗೊತ್ತುಪಡಿಸಿ ಕೇಳುವುದಿಲ್ಲವಾದ ಕಾರಣ ಎಲ್ಲ ವೇಳೆಗೂ ಹಕ್ಕುದಾರನಾಗುವ ಅಪಾಯವಿದೆ. ಸಾಮಾಯಿಕಕ್ಕೆ ಬಿಡುವು ಕೊಟ್ಟ ಅದೇ ಸೌಲಭ್ಯ ನಡುರಾತ್ರಿಯ ನಿದ್ರೆಯನ್ನೂ ಮುಂಜಾವಿನ ಜಿನದರ್ಶನವನ್ನೂ ಕಸಿದುಕೊಳ್ಳಬಲ್ಲದು.

ಮತ್ತೊಂದು ವ್ಯತ್ಯಾಸ ಇನ್ನೂ ಸೂಕ್ಷ್ಮವಾದುದು. ಅನರ್ಥದಂಡಗಳಲ್ಲಿ ದುಃಶ್ರುತಿಯೆಂಬುದು ಒಂದು. ಮನಸ್ಸನ್ನು ಕಲುಷಿತಗೊಳಿಸುವ ಕಥೆಗಳನ್ನು ನಿಷ್ಪ್ರಯೋಜನವಾಗಿ ಕೇಳುವುದು ಅದರ ಅರ್ಥ. ಕೇಬಲ್ಲಿನಲ್ಲಿ ಹಿಂಸೆಯ ದೃಶ್ಯವೋ ಮಾಂಸಾಹಾರದ ಜಾಹೀರಾತೋ ಕರೆಯದೆ ಬರುತ್ತಿತ್ತು. ಮನೆಯವರು ವಾಹಿನಿ ಬದಲಿಸಿ ಮುಜುಗರ ಕಳೆದುಕೊಳ್ಳುತ್ತಿದ್ದರು. ಸ್ಟ್ರೀಮಿಂಗಿನಲ್ಲಿ ಹೆಚ್ಚಿನದೆಲ್ಲ ನೋಡುಗನ ಬೆರಳಿನ ಆಯ್ಕೆ. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಗಳಿಂದಲೂ ಕರ್ಮಾಸ್ರವವಾಗುತ್ತದೆಂದು ನಂಬುವ ಶ್ರಾವಕನಿಗೆ ಇದು ಚಿಕ್ಕ ವಿಷಯವಲ್ಲ. ಆರಿಸಿದವನಿಗೆ ಅದು ಕೃತ, ಚಂದಾ ಕಟ್ಟಿ ಕಣ್ಣುಮುಚ್ಚಿ ಕುಳಿತ ಹಿರಿಯನಿಗೆ ಅನುಮೋದಿತ. 2021ರ ಫೆಬ್ರವರಿಯ ಮಾಹಿತಿ ತಂತ್ರಜ್ಞಾನ ನಿಯಮಗಳು ವೇದಿಕೆಗಳು ತಮ್ಮ ಕಾರ್ಯಕ್ರಮಗಳನ್ನು 7, 13, 16 ಎಂಬ ವಯೋಮಾನಗಳಿಗೆ ಅನುಗುಣವಾಗಿ ವರ್ಗೀಕರಿಸಬೇಕೆಂದೂ, 13ಕ್ಕೆ ಮೇಲ್ಪಟ್ಟ ವರ್ಗಗಳಿಗೆ ಹೆತ್ತವರು ಬೀಗ ಹಾಕುವ ಅವಕಾಶ ಕೊಡಬೇಕೆಂದೂ ವಿಧಿಸಿವೆ. ಬೀಗ ಇದೆ, ಹಾಕುವ ಕೈ ಮನೆಯವರದೇ ಆಗಬೇಕು. ಮುಂದಿನ ಕಂತು ತಾನಾಗಿ ಓಡದಂತೆ ತಡೆಯುವ ಗುಂಡಿಯೂ ಹಲವು ವೇದಿಕೆಗಳಲ್ಲಿದೆ. ಆ ಒಂದು ಗುಂಡಿಯನ್ನು ಒತ್ತುವುದು ಇಂದಿನ ಕಾಲದ ಒಂದು ಪುಟ್ಟ ಸಂಯಮವೆಂದರೆ ತಪ್ಪಾಗದು.

ಅಚೌರ್ಯದ ವಿಷಯವನ್ನು ಇಲ್ಲಿ ಮರೆಯುವಂತಿಲ್ಲ. ಕದ್ದು ತಂದುದನ್ನು ಸ್ವೀಕರಿಸುವುದನ್ನೂ ರಾಜ್ಯದ ಕಟ್ಟಳೆಯನ್ನು ಮೀರುವುದನ್ನೂ ತತ್ತ್ವಾರ್ಥಸೂತ್ರ ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಬಿಡುಗಡೆಯಾದ ವಾರದಲ್ಲೇ ಮೊಬೈಲಿಗೆ ಬರುವ ಕಳ್ಳಪ್ರತಿಯ ಚಲನಚಿತ್ರ ಮೊದಲನೆಯದಕ್ಕೆ ನೇರ ನಿದರ್ಶನ. ಒಂದು ಮನೆಯ ಪಾಸ್‌ವರ್ಡಿನಲ್ಲಿ ನಾಲ್ಕು ಮನೆಗಳು ನೋಡುವ ವಾಡಿಕೆಯೂ ಇದರ ನೆರಳೇ. 2023ರ ಜುಲೈಯಲ್ಲಿ ನೆಟ್‌ಫ್ಲಿಕ್ಸ್ ಭಾರತದಲ್ಲಿ ಇದನ್ನು ತಡೆಯಲು ಕ್ರಮ ಕೈಗೊಂಡಾಗ ಅನೇಕರು ತಮಗೆ ಅನ್ಯಾಯವಾಯಿತೆಂದು ಕೋಪಿಸಿಕೊಂಡರು. ತನ್ನದಲ್ಲದುದು ಕೈತಪ್ಪಿದಾಗ ಹುಟ್ಟುವ ಕೋಪ ಆತ್ಮಪರೀಕ್ಷೆಗೆ ಒಳ್ಳೆಯ ಸಂದರ್ಭ.

ಬಸದಿಗಳ ಟ್ರಸ್ಟುಗಳು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಯಾತ್ರಿನಿವಾಸದ ಸಭಾಂಗಣದಲ್ಲಿ ಟಿ.ವಿ. ಇಡುವ ಪದ್ಧತಿ ಅಲ್ಲಲ್ಲಿ ಇದೆ. ಮನೆಬಳಕೆಗೆಂದು ಪಡೆದ ಸ್ಟ್ರೀಮಿಂಗ್ ಚಂದಾದಾರಿಕೆಯನ್ನು ಅಲ್ಲಿ ಹಾಕಿ ಬಂದವರಿಗೆಲ್ಲ ತೋರಿಸುವುದು ಒಪ್ಪಂದಕ್ಕೆ ವಿರುದ್ಧ. ಅದಕ್ಕಿಂತ ಮುಖ್ಯವಾಗಿ, ಪೂಜೆಗೂ ಜೀರ್ಣೋದ್ಧಾರಕ್ಕೂ ಭಕ್ತರು ಅರ್ಪಿಸಿದ ದ್ರವ್ಯ ಮನರಂಜನೆಯ ಚಂದಾಕ್ಕೆ ಹೋಗಬಾರದು. ಮುನಿಗಳ ಪ್ರವಚನವನ್ನೋ ಅಭಿಷೇಕವನ್ನೋ ಕ್ಷೇತ್ರಕ್ಕೆ ಬರಲಾಗದ ವೃದ್ಧರಿಗೆ ಅಂತರಜಾಲದ ಮೂಲಕ ತಲುಪಿಸುವುದಾದರೆ ಅದರ ಮಾತೇ ಬೇರೆ. 2018ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವನ್ನು ಹಾಸಿಗೆ ಹಿಡಿದ ಹಿರಿಯರು ಮನೆಯಲ್ಲಿಯೇ ನೋಡಿ ಕೈಮುಗಿದದ್ದು ಇದೇ ಪರದೆಯಿಂದ. ಪರದೆ ತಾನಾಗಿ ಪಾಪವೂ ಅಲ್ಲ, ಪುಣ್ಯವೂ ಅಲ್ಲ.

ಇಷ್ಟು ವಿಚಾರಿಸಿದ ಮೇಲೆ ಅಜ್ಜಿಯ ಮಾತಿಗೆ ಬರಬೇಕು. ಮಿತವ್ಯಯದ ಹೆಸರಿನಲ್ಲಿ ಅವರ ಸಂಪರ್ಕವನ್ನು ಕಡಿದು, ಅವರಿಗೆ ಅರ್ಥವಾಗದ ಹೊಸ ರಿಮೋಟನ್ನು ಕೈಯಲ್ಲಿಟ್ಟು, ಪ್ರತಿಸಲವೂ ಮೊಮ್ಮಗನನ್ನು ಬೇಡಿಕೊಳ್ಳುವ ಸ್ಥಿತಿಗೆ ತಂದರೆ ಅದು ನೋವು. ಅಹಿಂಸೆ ಕಾಯದ ಮಟ್ಟಿಗೆ ನಿಲ್ಲುವುದಲ್ಲ. ತ್ಯಾಗವೆಂಬುದು ತನ್ನದನ್ನು ಬಿಡುವುದರಲ್ಲಿದೆ. ಇನ್ನೊಬ್ಬರದನ್ನು ಬಿಡಿಸುವುದಕ್ಕೆ ಆ ಹೆಸರು ಸಲ್ಲುವುದಿಲ್ಲ. ಮಗನ ವಾದದಲ್ಲಿ ಸತ್ಯಾಂಶವಿದೆ, ಅಜ್ಜಿಯ ಬೇಡಿಕೆಯಲ್ಲಿಯೂ ಇದೆ. ಅನೇಕಾಂತವನ್ನು ಬಸದಿಯ ಉಪನ್ಯಾಸದಲ್ಲಿ ಮಾತ್ರ ಒಪ್ಪಿ ಮನೆಯ ಜಗಲಿಯಲ್ಲಿ ಮರೆತರೆ ಪ್ರಯೋಜನವಿಲ್ಲ.

ನಿರ್ಧಾರಕ್ಕೆ ಶಾಸ್ತ್ರವೇ ಒಂದು ಉಪಾಯವನ್ನು ಕೊಟ್ಟಿದೆ. ಪರಿಮಿತ ಕಾಲಕ್ಕೆ ಮಾಡುವ ತ್ಯಾಗ ನಿಯಮ, ಜೀವನಪರ್ಯಂತದ ತ್ಯಾಗ ಯಮ. ನಿಯಮವನ್ನು ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ಮಾಸ, ಒಂದು ಋತು ಹೀಗೆ ತಮ್ಮ ಶಕ್ತಿಗೆ ತಕ್ಕಂತೆ ಹಿಡಿಯಬಹುದು. ಭಾದ್ರಪದದ ದಶಲಕ್ಷಣ ಪರ್ವದ ಹತ್ತು ದಿನ, ಶ್ವೇತಾಂಬರ ಬಂಧುಗಳಾದರೆ ಪರ್ಯೂಷಣದ ಎಂಟು ದಿನ, ಮನೆಮಂದಿಯೆಲ್ಲ ಒಪ್ಪಿ ಎರಡು ವ್ಯವಸ್ಥೆಗಳನ್ನೂ ನಿಲ್ಲಿಸಿ ನೋಡಬೇಕು. ಹತ್ತನೆಯ ದಿನ ಯಾರಿಗೆ ಏನು ಇಲ್ಲವೆನಿಸಿತು ಎಂಬುದನ್ನು ಒಬ್ಬೊಬ್ಬರೂ ಪ್ರಾಮಾಣಿಕವಾಗಿ ಹೇಳಬೇಕು. ನೆನಪಿಗೇ ಬಾರದಿದ್ದುದಕ್ಕೆ ಮತ್ತೆ ಚಂದಾ ಕಟ್ಟಬೇಕಾಗಿಲ್ಲ.

ಮೇಲೆ ಹೇಳಿದ ಮನೆಯವರು ಹೀಗೆ ಮಾಡಿದರೆ ಏನಾಗಬಹುದು? ತನಗೆ ಬೇಕೆಂದು ಹಟ ಹಿಡಿದ ಮೂರು ವೇದಿಕೆಗಳಲ್ಲಿ ಎರಡರ ಹೆಸರೂ ಮಗನಿಗೆ ಆ ಹತ್ತು ದಿನ ನೆನಪಾಗಿರಲಾರದು. ತನಗೆ ಬೇಕಾಗಿದ್ದದ್ದು ಧಾರಾವಾಹಿಯಲ್ಲ, ಅದನ್ನು ನೋಡುವಾಗ ಪಕ್ಕದಲ್ಲಿ ಬಂದು ಕುಳಿತುಕೊಳ್ಳುವವರು ಎಂದು ಅಜ್ಜಿ ಹೇಳಲೂಬಹುದು. ಅಥವಾ, ಧಾರಾವಾಹಿಯೇ ಬೇಕಾಗಿತ್ತೆಂದು ನಗುತ್ತಾ ಒಪ್ಪಿಕೊಳ್ಳಲೂಬಹುದು. ಮೊದಲನೆಯದಾದರೆ ಮೊಮ್ಮಕ್ಕಳ ಕರ್ತವ್ಯ ಸ್ಪಷ್ಟ. ಎರಡನೆಯದಾದರೆ ಅವರಿಗೆ ಬೇಕಾದ ಕೆಲವೇ ವಾಹಿನಿಗಳ ಚಿಕ್ಕ ಯೋಜನೆಯನ್ನು ಉಳಿಸಿಕೊಂಡು, ಮಗ ತನ್ನ ಎರಡು ಚಂದಾಗಳನ್ನು ಬಿಟ್ಟರಾಯಿತು. ವಾಹಿನಿಗಳನ್ನು ಒಂದೊಂದಾಗಿ ಆರಿಸಿಕೊಳ್ಳುವ ಹಕ್ಕು 2019ರ ನಿಯಮದಿಂದ ದೊರೆತಿದ್ದರೂ, ಕಟ್ಟಿಕೊಟ್ಟ ಗುಚ್ಛವನ್ನೇ ಒಪ್ಪಿ ಸುಮ್ಮನಾದ ಮನೆಗಳೇ ಬಹಳ. ಪರಿಮಾಣದ ಅವಕಾಶ ಕೇಬಲ್ಲಿನಲ್ಲಿಯೂ ಇತ್ತು, ಸ್ಟ್ರೀಮಿಂಗಿನಲ್ಲಿಯೂ ಇದೆ.

ಆದುದರಿಂದ ತಂತಿ ಬದಲಾಯಿಸಬೇಕೆ ಎಂಬುದು ಎರಡನೆಯ ಪ್ರಶ್ನೆ. ದಿನಕ್ಕೆ ಎಷ್ಟು ಹೊತ್ತು, ಯಾವ ಬಗೆಯದು, ಯಾರೊಡನೆ ಕುಳಿತು, ಯಾವ ಹೊತ್ತಿನಲ್ಲಿ ಖಂಡಿತ ಇಲ್ಲ ಎಂಬ ನಾಲ್ಕು ಮಾತುಗಳನ್ನು ಮೊದಲು ನಿಶ್ಚಯಿಸಬೇಕು. ಈ ಅಳತೆಯನ್ನು ಗೊತ್ತುಮಾಡಿಕೊಂಡ ಮನೆಗೆ ಯಾವ ಸಂಪರ್ಕ ಬಂದರೂ ಹಾನಿಯಿಲ್ಲ. ಅಳತೆಯಿಲ್ಲದ ಮನೆಯಲ್ಲಿ ಸಂಪರ್ಕ ಬದಲಾದರೂ ಚಾಳಿ ಬದಲಾಗುವುದಿಲ್ಲ. ಮುಂದಿನ ಚಾತುರ್ಮಾಸಕ್ಕೆ ಮುನ್ನ ಪ್ರತಿ ಮನೆಯ ಹಿರಿಯರೂ ಕಿರಿಯರೂ ಒಂದು ಸಂಜೆ ಪರದೆಯನ್ನು ಆರಿಸಿ, ಒಟ್ಟಿಗೆ ಕುಳಿತು ಈ ನಾಲ್ಕು ಮಾತುಗಳನ್ನು ಬರೆದಿಟ್ಟುಕೊಂಡರೆ ವ್ರತದ ಮೊದಲ ಮೆಟ್ಟಿಲನ್ನು ಹತ್ತಿದಂತಾಗುವುದು.