ನಂಬಿಕೆಗೆ ಜಾಮೀನು ಯಾರು?

ಬ್ಯಾಂಕು ಅಂದರೇನು? ಉಳಿಸಿದವರ ದುಡ್ಡು ಇಟ್ಟುಕೊಂಡು ಬೇಕಾದವರಿಗೆ ಸಾಲ ಕೊಡುವ ಜಾಗ. ಇಟ್ಟವರಿಗೆ ಕಡಿಮೆ ಬಡ್ಡಿ, ಪಡೆದವರಿಂದ ಹೆಚ್ಚು ಬಡ್ಡಿ. ನಡುವಿನ ಅಂತರದಲ್ಲಿ ಅದರ ಬದುಕು. ಕಬ್ಬಿಣದ ಪೆಟ್ಟಿಗೆ, ಲೆಡ್ಜರು, ಕೌಂಟರು ಎಲ್ಲ ಆಮೇಲೆ. ಮೊದಲು ಬೇಕಾದ್ದು ನಂಬಿಕೆ. ಆದ್ದರಿಂದ ನಾವು ಕೇಳುವ ಪ್ರಶ್ನೆ ನೀತಿಯದು: ಈ ಸಮಾಜ ಯಾರನ್ನು ನಂಬುತ್ತದೆ?

ನಮ್ಮ ಕರಾವಳಿಯನ್ನೇ ನೋಡಿ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಕಟ್ಟಿದ ಹಿಂದೂ ಪರ್ಮನೆಂಟ್ ಫಂಡ್ ಮುಂದೆ ಕೆನರಾ ಬ್ಯಾಂಕಾಯಿತು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರ ಮುಂದಾಳತ್ವದಲ್ಲಿ ಕಾರ್ಪೊರೇಷನ್ ಬ್ಯಾಂಕು ಹುಟ್ಟಿತು. 1931ರಲ್ಲಿ ಎ.ಬಿ. ಶೆಟ್ಟಿ ಮತ್ತು ಬಂಟ ಸಮುದಾಯದ ಕೃಷಿಕರು ವಿಜಯಾ ಬ್ಯಾಂಕು ತೆರೆದರು. ಕೆಟ್ಟ ಕೆಲಸವೇನಲ್ಲ. ಆದರೆ ಪರಿಚಯ, ನೆಂಟಸ್ತನ, ವ್ಯಾಪಾರ ಇದ್ದ ದಾರಿಯಲ್ಲೇ ನಂಬಿಕೆ ಹರಿಯಿತು. ಗದ್ದೆಯೂ ಇಲ್ಲದ, ಅಂಗಡಿಯೂ ಇಲ್ಲದ ನಮ್ಮ ಕೇರಿಗಳು ಏನನ್ನು ಕೂಡಿಹಾಕಿ ಬ್ಯಾಂಕು ಕಟ್ಟಬೇಕಿತ್ತು?

1925ರಲ್ಲಿ ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ಏಜೆಂಟರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಕಟ್ಟಿಸಿಕೊಂಡರು. ಬಡವರ ಎರಡಾಣೆಯೂ ಬಂಡವಾಳವೇ ಅನ್ನುವುದು ಆಗ ಗೊತ್ತಾಯಿತು. ದುಡ್ಡು ಕಟ್ಟುವಾಗ ಬಡವ ಬ್ಯಾಂಕನ್ನು ಜಾಮೀನು ಕೇಳುವುದಿಲ್ಲ. ಅವನೇ ಸಾಲಕ್ಕೆ ಹೋಗಿ ನಿಂತರೆ, "ಪಹಣಿ ಎಲ್ಲಪ್ಪಾ? ಜಾಮೀನಿಗೆ ಯಾರಿದಾರೆ?"

"ಸಾವ್ಕಾರನೇ ವಾಸಿ ಕಣಯ್ಯಾ, ಕಾಗದ ಕೇಳಲ್ಲ" ಅನ್ನೋರು ನಮ್ಮಲ್ಲೇ ಇದ್ದಾರೆ. ಹೌದು, ಕೇಳಲ್ಲ. ಅವನಿಗೆ ಕಾಗದ ಯಾಕೆ? ಮೈಯೇ ಜಾಮೀನು. ಮದುವೆಗೆ ತಂದ ಸಾಲಕ್ಕೆ ಅಪ್ಪ ಜೀತಕ್ಕಿದ್ದ, ಅಪ್ಪನ ಬಾಕಿಗೆ ಮಗ. ಆ ಜೀತವನ್ನೂ ಆ ಸಾಲವನ್ನೂ ರದ್ದು ಮಾಡುವ ಕಾಯ್ದೆ ಬಂದದ್ದು 1976ರಲ್ಲಿ. ಬ್ಯಾಂಕಿಗೆ ನಮ್ಮ ಮೈ ಮೇಲೆ ಹಕ್ಕಿಲ್ಲ. ಇದು ಸಣ್ಣ ಮಾತಲ್ಲ. ಅದಕ್ಕೇ ಬ್ಯಾಂಕು ಬೇಡ ಅಂತ ನಾವು ಹೇಳುವುದಿಲ್ಲ. ಆದರೆ ಸಾವ್ಕಾರ ಮೈ ಕೇಳಿದ, ಬ್ಯಾಂಕು ಭೂಮಿ ಕೇಳಿತು. ತಲೆತಲಾಂತರದಿಂದ ನಮಗೆ ಭೂಮಿ ದಕ್ಕದಂತೆ ಮಾಡಿ, ಈಗ ಭೂಮಿಯನ್ನೇ ಅರ್ಹತೆ ಅಂದರೆ, ಹಳೆಯ ಅನ್ಯಾಯಕ್ಕೆ ಹೊಸ ರುಜು ಹಾಕಿದಂತೆ.

1969ರ ಜುಲೈ 19ರಂದು 14 ಬ್ಯಾಂಕುಗಳು, 1980ರಲ್ಲಿ ಇನ್ನೂ 6 ಬ್ಯಾಂಕುಗಳು ರಾಷ್ಟ್ರೀಕರಣವಾದವು. ಹಳ್ಳಿಗೆ ಶಾಖೆ ಬಂತು. 1972ರಲ್ಲಿ ತೀರಾ ಬಡವರಿಗೆ ಶೇಕಡ 4ರ ಬಡ್ಡಿಯ ಸಾಲ ಬಂತು. ಆದರೆ ಅದಕ್ಕಿಟ್ಟ ಗುರಿ ಹಿಂದಿನ ವರ್ಷದ ಒಟ್ಟು ಸಾಲದಲ್ಲಿ ಶೇಕಡ 1. ಮಿಕ್ಕ 99 ಯಾರ ಪಾಲು? 2014ರ ಜನಧನ ಯೋಜನೆಯಿಂದ ಕೋಟಿಗಟ್ಟಲೆ ಜನರ ಕೈಗೆ ಪಾಸ್‌ಬುಕ್ಕು ಬಂತು. ಒಳ್ಳೆಯದೇ. ಆದರೆ ಖಾತೆ ಬೇರೆ, ಸಾಲ ಬೇರೆ. ಖಾತೆ ಅಂದರೆ ನಾವು ಬ್ಯಾಂಕನ್ನು ನಂಬಿದ್ದು. ಸಾಲ ಅಂದರೆ ಬ್ಯಾಂಕು ನಮ್ಮನ್ನು ನಂಬಿದ್ದು.

ಮಾತಿನಲ್ಲೂ ಜಾತಿ ಇದೆ. ದೊಡ್ಡ ಉದ್ದಿಮೆಯ ಸಾಲ ಮುಳುಗಿದರೆ ಅದು 'ಅನುತ್ಪಾದಕ ಆಸ್ತಿ'. ಎಮ್ಮೆ ಸತ್ತು ಕಂತು ತಪ್ಪಿಸಿದವಳು 'ಕಳ್ಳಿ'. ಒಬ್ಬನದು ಲೆಕ್ಕದ ಸಮಸ್ಯೆ, ಇನ್ನೊಬ್ಬಳದು ಗುಣದ ದೋಷ. ಇದು ಯಾವ ನ್ಯಾಯ?

ಶಿಕ್ಷಕ ಗೆಳೆಯರೇ, ವಿದ್ಯಾರ್ಥಿಗಳೇ, ಕೇರಿಯ ಹೆಂಗಸರ ಜತೆ ಕೂತು ಅರ್ಜಿ ತುಂಬಿ. ಸಾಲ ಇಲ್ಲ ಅಂದರೆ ಕಾರಣವನ್ನು ಬರಹದಲ್ಲಿ ಕೇಳಿ. ಮೂವತ್ತು ವರ್ಷ ಕಂಡವರ ಗದ್ದೆಯಲ್ಲಿ ಒಂದು ದಿನವೂ ತಪ್ಪದೆ ದುಡಿದವಳ ಆ ಮೂವತ್ತು ವರ್ಷವನ್ನು ಜಾಮೀನೆಂದು ಯಾಕೆ ಬರೆದುಕೊಳ್ಳುವುದಿಲ್ಲ ಅಂತಲೂ ಕೇಳಿ.